ಪೀಠಿಕೆಗೆ ಜಾಗವಿಲ್ಲದ ಸಂಜೆ

ನನ್ನ ಗಂಡ ಮಾತಿನ ಮನುಷ್ಯ. ಮದುವೆಯಾಗಿ ಬ್ರಹ್ಮಾವರದಿಂದ ಕೋಡಿಗೆ ಬಂದ ಹೊಸತರಲ್ಲೇ ಇದು ನನಗೆ ಗೊತ್ತಾಗಿಹೋಯಿತು. ಈರುಳ್ಳಿ ತರಲೆಂದು ಕುಂದಾಪುರ ಪೇಟೆಗೆ ಹೋದವರು ಬರಿಗೈಯಲ್ಲಿ ಬಂದು, ಈರುಳ್ಳಿ ಯಾಕೆ ಸಿಗಲಿಲ್ಲ ಎಂಬ ಕತೆಯನ್ನು ಮನೆಯ ಗೇಟು ದಾಟಿದಲ್ಲಿಂದ ಶುರುಮಾಡಿದರು. ದಾರಿಯಲ್ಲಿ ಸಿಕ್ಕ ದೂರದ ಭಾವ, ಭಾವನ ಮಂಡಿನೋವು, ಮಂಡಿನೋವಿಗೆ ಯಾರೋ ಹೇಳಿದ ಎಣ್ಣೆ, ಆ ಎಣ್ಣೆ ಎಲ್ಲಿ ಸಿಗುತ್ತದೆ ಎಂಬ ಚರ್ಚೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಇವರು ಕತೆಯಲ್ಲಿ ಇನ್ನೂ ಪೇಟೆಗೂ ಕೋಡಿಗೂ ನಡುವಿನ ಸೇತುವೆಯನ್ನೇ ದಾಟಿರಲಿಲ್ಲ. ಹೊಸ ಸೊಸೆ ಎಂಬ ನಾಚಿಕೆಯನ್ನೆಲ್ಲ ಬದಿಗಿಟ್ಟು, “ಅಂಗ್ಡಿ ಬಾಗ್ಲ್ ಹಾಕಿತ್ತಾ, ಇಲ್ಯಾ? ಅದೊಂದ್ ಹೇಳಿ ಕಾಂಬೊ” ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಕ್ಕು, “ಹಾಕಿತ್ತ್” ಎಂದರು.

ಅಂದಿನಿಂದ ನಮ್ಮ ಸಂಸಾರ ಹೀಗೇ ನಡೆದುಬಂದಿದೆ. ಅವರು ಹೇಳುತ್ತಾರೆ, ನಾನು ನಡುವೆ ಬಾಯಿ ಹಾಕುತ್ತೇನೆ. ನೆಂಟರಿಷ್ಟರು ಇದನ್ನು ನೋಡಿ “ಪಾಪ, ಆ ಮನುಷ್ಯನಿಗೆ ಒಂದು ಮಾತು ಮುಗಿಸಲು ಬಿಡುವುದಿಲ್ಲ ಇವಳು” ಎಂದು ಹಿಂದಿನಿಂದ ಆಡಿಕೊಳ್ಳುವುದು ನನಗೆ ಗೊತ್ತಿದೆ. ಆಡಿಕೊಳ್ಳಲಿ. ನಾನು ಬ್ಲೌಸ್ ಹೊಲಿಯುವವಳು. ಬಟ್ಟೆ ಎಷ್ಟೇ ಚಂದದ್ದಿರಲಿ, ಕತ್ತರಿ ಹಾಕದೆ ರವಿಕೆ ಆಗುವುದಿಲ್ಲ. ಬೇಕಾದರೆ ಅವರೇ ಬಂದು ಒಂದು ದಿನ ನಮ್ಮ ಮನೆಯಲ್ಲಿ ಕೂತು ಕೇಳಲಿ.

ಗಂಡನ ಕಸುಬು ದೋಣಿಗಳಿಗೆ ಹೆಸರು ಬರೆಯುವುದು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ದೋಣಿಗಳೆಲ್ಲ ದಡಕ್ಕೆ ಬಂದಾಗ ಅವರ ಕೈಗೆ ಪುರುಸೊತ್ತಿರುವುದಿಲ್ಲ. ಈಗ ಸ್ಟಿಕ್ಕರ್ ಅಂಟಿಸುವವರು ಬಂದಿದ್ದಾರೆ, ಆದರೂ ಕೋಡಿಯಿಂದ ನಾವುಂದದವರೆಗೆ ‘ಇವರ ಅಕ್ಷರವೇ ಆಗಬೇಕು’ ಎನ್ನುವ ಮಂದಿ ಇನ್ನೂ ಇದ್ದಾರೆ. ಕಸುಬು ಅದು. ಆದರೆ ಜೀವ ಇರುವುದು ತಾಳಮದ್ದಳೆಯಲ್ಲಿ. ವೇಷವಿಲ್ಲದ, ಕುಣಿತವಿಲ್ಲದ, ಕೂತು ನಡೆಸುವ ಯಕ್ಷಗಾನ ಅದು. ಭಾಗವತರು ಪದ ಹಾಡುತ್ತಾರೆ, ಎದುರು ಬದುರು ಕೂತವರು ತಾವೇ ರಾಜ, ತಾವೇ ಮಂತ್ರಿ ಎಂಬಂತೆ ಆ ಪದಕ್ಕೆ ಅರ್ಥ ಹೇಳುತ್ತಾರೆ. ಬರೆದಿಟ್ಟ ಮಾತಿಲ್ಲ, ಹೊತ್ತಿಗೆ ಬಂದ ಮಾತು. ಪಾತ್ರ ಮೊದಲ ಸಲ ಬಾಯಿ ತೆರೆದಾಗ ತಾನು ಯಾರು, ಎಲ್ಲಿಂದ ಬಂದೆ, ಯಾಕೆ ಬಂದೆ ಎಂದು ವಿಸ್ತಾರವಾಗಿ ಹೇಳಿಕೊಳ್ಳುವುದಕ್ಕೆ ಪೀಠಿಕೆ ಎನ್ನುತ್ತಾರೆ. ನನ್ನ ಗಂಡನಿಗೆ ಪೀಠಿಕೆ ಎಂದರೆ ಪ್ರಾಣ. ದೊಡ್ಡ ಅರ್ಥಧಾರಿ ಏನಲ್ಲ, ಸಣ್ಣ ಪುಟ್ಟ ಪಾತ್ರಗಳಿಗೆ ಕರೆಯುತ್ತಾರೆ. ಆದರೆ ಸಣ್ಣ ಪಾತ್ರಕ್ಕೂ ಪೀಠಿಕೆ ದೊಡ್ಡದೇ.

ಕಳೆದ ಮಳೆಗಾಲದಲ್ಲಿ ಸಾಲಿಗ್ರಾಮದ ಕಡೆ ಒಂದು ತಾಳಮದ್ದಳೆಗೆ ಹೋಗಿದ್ದೆವು. ಇವರದು ದೂತನ ಪಾತ್ರ. ರಾಜನಿಗೆ ಸುದ್ದಿ ಮುಟ್ಟಿಸಿ ಕೈಮುಗಿದು ಹೊರಡುವುದಷ್ಟೇ ದೂತನ ಕೆಲಸ. ಇವರು ತಾನು ಹೊರಟ ಊರನ್ನು ವರ್ಣಿಸಿದರು, ದಾರಿಯನ್ನು ವರ್ಣಿಸಿದರು, ದಾರಿಯ ಬದಿಯ ಮರಗಳನ್ನೂ ಬಿಡಲಿಲ್ಲ. ರಾಜನಾಗಿ ಕೂತವರು ತಮ್ಮ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಸುದ್ದಿ ಮಾತ್ರ ಬರಲೇ ಇಲ್ಲ. ಕೊನೆಗೆ ಭಾಗವತರು ತಾಳ ತಟ್ಟಿ, ಇವರ ವಾಕ್ಯದ ನಡುವಿನಲ್ಲೇ ಮುಂದಿನ ಪದ ಎತ್ತಿಬಿಟ್ಟರು. ಹಿಂದಿನ ಸಾಲಿನಿಂದ ಒಬ್ಬ, “ದೂತಂಗೇ ಪಟ್ಟ ಕಟ್ಟಿ ಮರ್ರೆ, ಅವ ಇಳುದಿಲ್ಲ!” ಎಂದು ಕೂಗಿದ. ಇಡೀ ಸಭೆ ಗೊಳ್ಳೆಂದು ನಕ್ಕಿತು. ಇವರು ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿ, ಹೆಗಲ ಶಾಲು ಸರಿಮಾಡಿಕೊಂಡು ತಲೆ ತಗ್ಗಿಸಿ ಕೂತರು.

ಮನೆಗೆ ಬರುವಾಗ ಸ್ಕೂಟರಿನಲ್ಲಿ ಒಂದು ಮಾತಿಲ್ಲ. ನಾನು ಅವರ ಮಾತಿಗೆ ಬಾಯಿ ಹಾಕುವುದು ಬೇರೆ, ಊರವರು ನಗುವುದು ಬೇರೆ. ಇನ್ನು ಮನೆಯಲ್ಲಾದರೂ ಈ ಮನುಷ್ಯ ಹೇಳುವುದನ್ನೆಲ್ಲ ಹೇಳಿ ಮುಗಿಸಲಿ, ನಾನು ತುಟಿ ಬಿಚ್ಚುವುದಿಲ್ಲ ಎಂದು ಅಂದೇ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡೆ. ಮರುದಿನ ಅವರು ಯಾವುದೋ ದೋಣಿಯ ವಿಷಯ ತೆಗೆದಾಗ ನಾನು ಹೊಲಿಗೆ ನಿಲ್ಲಿಸಿ, “ಹೂಂ, ಹೂಂ” ಎನ್ನುತ್ತ ಕೇಳಿದೆ. ಅರ್ಧದಲ್ಲಿ ಅವರೇ ನಿಲ್ಲಿಸಿ ಎದ್ದುಹೋದರು. ಹೀಗೆ ನಾಲ್ಕಾರು ಸಲ ಆಯಿತು. ನಾನು ತಾಳ್ಮೆಯಿಂದ ಕೇಳಿದಷ್ಟೂ ಅವರ ಮಾತು ಗಿಡ್ಡವಾಗುತ್ತ ಬಂತು. ಆಮೇಲೆ ಈರುಳ್ಳಿ ಬರತೊಡಗಿತು, ಕತೆ ಬರುವುದು ನಿಂತಿತು. “ಊಟ ಆಯ್ತಾ?” “ಆಯ್ತ್.” “ಚಾ ಬೇಕಾ?” “ಹೂಂ.” ಇಷ್ಟೇ. ತಾಳಮದ್ದಳೆಗೆ ಕರೆ ಬಂದರೆ, “ಗಂಟ್ಲ್ ಸಮ ಇಲ್ಲ” ಎಂದು ಫೋನಿಟ್ಟುಬಿಡುತ್ತಿದ್ದರು. ಗಂಟಲಿಗೆ ಏನೂ ಆಗಿರಲಿಲ್ಲ.

ಮೊದಲ ಕೆಲವು ದಿನ ನನಗೂ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಸದ್ದಿಲ್ಲದ ಮನೆ ಎಷ್ಟು ದಿನ ಹಿತವಾಗಿರುತ್ತದೆ? ಹೊಲಿಗೆ ಯಂತ್ರದ ಮುಂದೆ ಕೂತರೆ ಕಿವಿ ಅವರ ದಾರಿ ಕಾಯುತ್ತಿತ್ತು. ರೇಡಿಯೋ ಹಾಕಿ ನೋಡಿದೆ, ಅದರ ಮಾತು ನನಗೆ ಹಿಡಿಸಲಿಲ್ಲ. ದೇವರ ಮುಂದೆ ದೀಪ ಹಚ್ಚುವಾಗ ನನ್ನದು ಒಂದೇ ಬೇಡಿಕೆಯಾಯಿತು. ಈ ಮನುಷ್ಯ ಮೊದಲಿನ ಹಾಗೆ ಮಾತಾಡಲಿ, ಸೇತುವೆಯ ಆಚೆಯಿಂದಲೇ ಶುರುಮಾಡಲಿ, ಅಡ್ಡಿಯಿಲ್ಲ.

ಹೀಗಿರುವಾಗ ನಮ್ಮ ಮಗಳು ಒಂದು ಸುದ್ದಿ ತಂದಳು. ಅವಳು ಬೈಂದೂರಿನ ಹತ್ತಿರ ಶಾಲೆಯೊಂದರಲ್ಲಿ ಚಿತ್ರಕಲೆಯ ಟೀಚರು. ಅವಳೂ ಅವಳ ಗೆಳತಿಯರೂ ಸೇರಿ ಕುಂದಾಪುರದಲ್ಲಿ ಒಂದು ಸಂಜೆ ಕಾರ್ಯಕ್ರಮ ಮಾಡುವುದೆಂದು ಗೊತ್ತುಮಾಡಿದ್ದರು. ಚಿತ್ರ ಬಿಡಿಸುವವರು, ಫೋಟೋ ತೆಗೆಯುವವರು, ಮಣ್ಣಿನಲ್ಲೋ ಮರದಲ್ಲೋ ಏನಾದರೂ ಮಾಡುವವರು ಬಂದು ತಮ್ಮ ಕೆಲಸದ ಬಗ್ಗೆ ಮಾತಾಡಬೇಕು. ಒಬ್ಬರಿಗೆ ಇಪ್ಪತ್ತು ಚಿತ್ರ, ಒಂದೊಂದು ಚಿತ್ರಕ್ಕೆ ಇಪ್ಪತ್ತು ಸೆಕೆಂಡು. ಹೊತ್ತು ಮುಗಿದ ಕೂಡಲೇ ಪರದೆಯ ಮೇಲಿನ ಚಿತ್ರ ತಾನಾಗಿ ಬದಲಾಗುತ್ತದೆ, ಮಾತು ಮುಗಿಯಿತೋ ಇಲ್ಲವೋ ಎಂದು ಕಾಯುವುದಿಲ್ಲ. ಅಧ್ಯಕ್ಷರಿಲ್ಲ, ಮುಖ್ಯ ಅತಿಥಿಗಳಿಲ್ಲ, ಹಾರ ಶಾಲು ಇಲ್ಲ. ನಮ್ಮ ಊರಿನಲ್ಲಿ ಅಧ್ಯಕ್ಷರಿಲ್ಲದೆ ಕಾರ್ಯಕ್ರಮವೇ ಎಂದು ನನಗೆ ನಗು ಬಂತು.

“ಅಪ್ಪಯ್ಯ, ನೀವ್ ದೋಣಿ ಹೆಸ್ರಿನ್ ಬಗ್ಗೆ ಮಾತಾಡ್ಕ್” ಎಂದಳು ಮಗಳು.

“ನಾ ಎಂತ ಮಾತಾಡುದ್? ನಂಗ್ ಮಾತ್ ಬತ್ತಿಲ್ಲ.”

ಈ ಮನುಷ್ಯನ ಬಾಯಿಂದ ಇಂಥ ಮಾತು ಕೇಳಿ ನನ್ನ ಸೂಜಿ ತಪ್ಪಿ ಬೆರಳಿಗೆ ಚುಚ್ಚಿತು. ಮಗಳು ಬಿಡಲಿಲ್ಲ. ಎಲ್ಲವನ್ನೂ ಇನ್ನೊಮ್ಮೆ ಬಿಡಿಸಿ ಹೇಳಿದಳು. ಅವರು ಕೇಳುತ್ತ ಕೇಳುತ್ತ ಒಂದು ಪ್ರಶ್ನೆ ಹಾಕಿದರು.

“ಮಾತ್ ಉದ್ದ ಆರೆ ಯಾರ್ ಕಡುದ್?”

“ಯಾರೂ ಕಡುದಿಲ್ಲ ಅಪ್ಪಯ್ಯ. ಚಿತ್ರ ಮುಂದ್ ಹೋತಾ ಇರತ್ತ್. ಎಷ್ಟ್ ದೊಡ್ಡೋರ್ ಬಂದ್ರೂ ನಿಲ್ಲುದಿಲ್ಲ.”

“ಎಲ್ರಿಗೂ ಒಂದೇ ಲೆಕ್ಕವಾ?”

“ಎಲ್ರಿಗೂ.”

ಅವರು, “ಹಂಗಾರೆ ಅಡ್ಡಿಲ್ಲ. ಯಂತ್ರ ಕಡದ್ರೆ ಮಾನ ಹೋತಿಲ್ಲ” ಎಂದರು. ನಾನು ತಲೆ ಎತ್ತದೆ ಬೆರಳು ಚೀಪುತ್ತ ಕೂತಿದ್ದೆ. ಒಳಗೆ ಮಾತ್ರ ಸಕ್ಕರೆ ತಿಂದಷ್ಟು ಸಂತೋಷ.

ಮಗಳು ಭಾನುವಾರಗಳಲ್ಲಿ ಕಡಲ ಬದಿಯೆಲ್ಲ ಸುತ್ತಿ ಅವರು ಬರೆದ ಹೆಸರುಗಳ ಫೋಟೋ ತೆಗೆದಳು. ಆಮೇಲೆ ನಮ್ಮ ಮನೆಯ ಚಾವಡಿಯಲ್ಲಿ ಅಭ್ಯಾಸ ಶುರುವಾಯಿತು. ನನಗೆ ಮಗಳ ಕಟ್ಟಪ್ಪಣೆ ಇತ್ತು. “ಅಮ್ಮ, ನೀನ್ ನಡುವೆ ಬಾಯ್ ಹಾಕುಕಾಗ. ಅಪ್ಪಯ್ಯಂಗೆ ಗಡಿಬಿಡಿ ಆತ್ತ್.” ನಾನಾಗಲೇ ಬಾಯಿ ಹಾಕುವುದನ್ನು ಬಿಟ್ಟು ತಿಂಗಳುಗಳಾಗಿದ್ದವು, ಅದು ಅವಳಿಗೇನು ಗೊತ್ತು? ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಮೂಲೆಯಲ್ಲಿ ಕೂತೆ. ಇವರು ಶುರುಮಾಡಿದರು. ಎಲ್ಲಿಂದ? ಸಮುದ್ರ ಹುಟ್ಟಿದಲ್ಲಿಂದ. ಮಗಳ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತು ಚಿತ್ರಗಳೂ ಮುಗಿದು ಕಪ್ಪು ಪರದೆ ಬಂದಾಗ ಇವರ ಮೊದಲ ದೋಣಿ ಇನ್ನೂ ನೀರಿಗೆ ಇಳಿದಿರಲಿಲ್ಲ.

“ಪೀಠಿಕೆ ಬ್ಯಾಡ ಅಪ್ಪಯ್ಯ, ಸೀದ ದೋಣಿಗೇ ಬನ್ನಿ.”

“ಪೀಠಿಕೆ ಇಲ್ದೆ ಪಾತ್ರ ಒಳಗ್ ಬಪ್ದ್ ಹ್ಯಾಂಗ್ ಮಗಾ?”

ಮತ್ತೆ ಅಭ್ಯಾಸ, ಮತ್ತೆ ಸಮುದ್ರ. ಮಗಳು ತಲೆ ಮೇಲೆ ಕೈಹೊತ್ತು ಕೂತಳು. ನನಗೆ ಚಿಂತೆ ಹತ್ತಿತು. ಈ ಸಲವೂ ಜನ ನಕ್ಕರೆ ಇವರು ಬಾಯಿಗೆ ಬೀಗ ಹಾಕಿ ಬೀಗದ ಕೈ ಹೊಳೆಗೆ ಎಸೆಯುವುದು ಖಂಡಿತ. “ಬ್ಯಾಡ ಅಂದ್ರೆ ಈಗ್ಲೇ ಹೇಳಿ, ನಾನ್ ಮಗ್ಳಿಗೆ ಹೇಳ್ತೆ” ಎಂದೆ ಒಂದು ದಿನ. “ಹೋತೆ” ಎಂದರು. ಅಷ್ಟೇ.

ಕಾರ್ಯಕ್ರಮ ನಡೆದದ್ದು ಮದುವೆ ಹಾಲೊಂದರ ಮಹಡಿಯ ಊಟದ ಕೋಣೆಯಲ್ಲಿ. ದೀಪಾವಳಿ ಕಳೆದು ಮದುವೆಗಳು ಶುರುವಾಗಿದ್ದ ಕಾಲ, ಮಧ್ಯಾಹ್ನದ ಊಟದ ಸಾಂಬಾರಿನ ಪರಿಮಳ ಇನ್ನೂ ಇತ್ತು. ಮೇಜುಗಳನ್ನು ಗೋಡೆಗೆ ಒತ್ತರಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿ, ಕೈತೊಳೆಯುವ ನಲ್ಲಿಗಳ ಎದುರಿನ ಗೋಡೆಗೆ ಬಿಳಿ ಪರದೆ ಕಟ್ಟಿದ್ದರು. ಜನ ಚೆನ್ನಾಗಿಯೇ ಸೇರಿದ್ದರು. ಕೆಳಗೆ ಗೋಳಿಬಜೆ ಕರಿಯುತ್ತಿದ್ದುದು ಇದಕ್ಕೆ ಒಂದು ಕಾರಣವಿರಬಹುದು.

ಮೊದಲು ಬಂದವರು ತೆಂಗಿನ ಗೆರಟೆಯಲ್ಲಿ, ಅಂದರೆ ಕರಟದಲ್ಲಿ, ಹಕ್ಕಿ, ದೀಪ, ಬೊಂಬೆ ಮಾಡುವ ನಿವೃತ್ತ ಮಾಸ್ತರರು. ಮೈಕು ಹಿಡಿದವರೇ, “ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ” ಎಂದರು. ವೇದಿಕೆಯ ಮೇಲೆ ಅವರೊಬ್ಬರನ್ನು ಬಿಟ್ಟು ಇನ್ನೊಂದು ನರಪಿಳ್ಳೆ ಇರಲಿಲ್ಲ. ಆದರೂ ಅಭ್ಯಾಸ ಬಿಡಬೇಕಲ್ಲ. ಗಣ್ಯರಿಗೆ, ಸಂಘಟಕರಿಗೆ, ಮಾತೆಯರಿಗೆ, ಹಿರಿಯರಿಗೆ, ಕಿರಿಯರಿಗೆ, ಸಭಾಂಗಣ ಕೊಟ್ಟವರಿಗೆ, ಮೈಕಿನವರಿಗೆ ವಂದಿಸುವಷ್ಟರಲ್ಲಿ ಅವರ ಹಕ್ಕಿಗಳೆಲ್ಲ ಪರದೆಯಿಂದ ಹಾರಿಹೋಗಿದ್ದವು. ಹಿಂತಿರುಗಿ ನೋಡಿ, “ಅಯ್ಯೋ, ವಂದನೆ ಉಳೀತ್, ಗೆರಟೆ ಹೋಯ್ತ್!” ಎಂದು ತಾವೇ ನಕ್ಕುಬಿಟ್ಟರು. ಜನ ಚಪ್ಪಾಳೆ ಹೊಡೆದರು. ನಮ್ಮವರು ನಗಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತು ಪರದೆಯನ್ನೇ ನೋಡುತ್ತಿದ್ದರು.

ಆಮೇಲೆ ಕೆರಾಡಿಯ ಒಬ್ಬ ಹುಡುಗಿ ಬಂದಳು. ಕಾಡಿನ ಹುಳುಗಳ ಚಿತ್ರ ಬಿಡಿಸುವವಳು. ಚಿತ್ರ ಓಡಿಹೋಗುತ್ತದೆ ಎಂಬ ಹೆದರಿಕೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಮುಂದಿನ ಚಿತ್ರ ಬರುವ ತನಕ ಬಾಯಿ ಬಿಗಿಹಿಡಿದು ನಿಲ್ಲುತ್ತಿದ್ದಳು. ಒಂದು ಹುಳುವಿನ ಹೆಸರೂ ನನಗೆ ತಿಳಿಯಲಿಲ್ಲ, ಆದರೆ ಚಿತ್ರಗಳು ಎಷ್ಟು ಚಂದ ಇದ್ದವೆಂದರೆ ಕೈ ಚಾಚಿ ಮುಟ್ಟಬೇಕು ಅನಿಸುತ್ತಿತ್ತು. ಮಕ್ಕಳು ಈ ಗಡಿಬಿಡಿಯಲ್ಲೂ ಒಂದು ಖುಷಿ ಕಂಡುಕೊಂಡಿದ್ದಾರಲ್ಲ ಎಂದು ನನಗೆ ಹೆಮ್ಮೆಯಾಯಿತು. ಅಧ್ಯಕ್ಷರ ಭಾಷಣಕ್ಕೆ ಆಕಳಿಸಿ ಆಕಳಿಸಿ ದವಡೆ ನೋಯಿಸಿಕೊಂಡವಳು ನಾನು.

ಮುಂದಿನ ಸರದಿ ನಮ್ಮವರದು. ತಾಳಮದ್ದಳೆಗೆ ಹೋಗುವಾಗ ಹಾಕುವ ಬಿಳಿ ಜುಬ್ಬಾ, ಹೆಗಲಿಗೆ ಶಾಲು. ಹೋದವರೇ ನಿಲ್ಲುವ ಬದಲು ಕುರ್ಚಿ ಕೇಳಿದರು. ಅರ್ಥ ಹೇಳಿದವರಿಗೆ ಕೂತಲ್ಲಿಂದಲೇ ಮಾತು ಬರುವುದು. ಮಗಳು ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟಳು. ಅವರು ಸಭೆಗೆ ಮುಖ, ಪರದೆಗೆ ಬೆನ್ನು ಮಾಡಿ ಕೂತು, ಕಣ್ಣು ಮುಚ್ಚಿ ಕೈಮುಗಿದರು. ಅಲ್ಲಿಗೇ ಮೊದಲ ಚಿತ್ರ ಹೋಯಿತು.

“ಅನಾದಿಕಾಲದಿಂದಲೂ ಈ ಭೂಮಂಡಲವನ್ನು ಸುತ್ತುವರಿದು ಗರ್ಜಿಸುತ್ತಿರುವ ಹೇ ಸಮುದ್ರರಾಜನೇ” ಎಂದು ದನಿ ಎತ್ತಿದರು. ಎಷ್ಟೋ ದಿನಗಳ ಮೇಲೆ ಕೇಳಿದ ದನಿ. ನನ್ನ ಮೈ ಜುಮ್ಮೆಂದಿತು. ಆದರೆ ಅವರ ಬೆನ್ನ ಹಿಂದೆ ಬಣ್ಣದ ಡಬ್ಬಗಳು ಬಂದು ಹೋದವು, ಬ್ರಶ್ಶುಗಳು ಬಂದು ಹೋದವು, ದಡಕ್ಕೆ ಎಳೆದಿಟ್ಟ ದೋಣಿ ಬಂದು ಹೋಯಿತು. ಇವರು ಸಮುದ್ರರಾಜನ ಗುಣಗಾನದಲ್ಲೇ ಇದ್ದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಒಬ್ಬರಿಂದ ಇನ್ನೊಬ್ಬರಿಗೆ ನಗು ಹರಡಿತು. ಕೆಟ್ಟ ನಗು ಏನಲ್ಲ, ಮಾಸ್ತರರಿಗೆ ನಕ್ಕ ಹಾಗೆಯೇ. ಆದರೆ ಕೇಳುವ ಕಿವಿ ಬೇರೆ ಇತ್ತಲ್ಲ.

ಅವರು ನಿಲ್ಲಿಸಿದರು. ತಿರುಗಿ ಪರದೆ ನೋಡಿದರು. ಅಲ್ಲಿ ಒಂದು ನೀಲಿ ದೋಣಿ, ಅದರ ಮೂತಿಯ ಮೇಲೆ ಇವರದೇ ಅಕ್ಷರ. ಸಭೆಯ ಕಡೆ ತಿರುಗಿದವರು ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿ, ಶಾಲು ಸರಿಮಾಡಿಕೊಂಡರು. ಆ ಕೈ ಹೀಗೆ ಶಾಲಿಗೆ ಹೋದದ್ದನ್ನು ಸಾಲಿಗ್ರಾಮದಲ್ಲಿ ಕಂಡವಳು ನಾನು. ಮಗಳು ಲ್ಯಾಪ್‌ಟಾಪಿನ ಹಿಂದೆ ಎದ್ದು ನಿಂತಿದ್ದಳು. ನಿಲ್ಲಿಸಬೇಕೆಂದರೆ ಅವಳದೇ ನಿಯಮ, ನಿಲ್ಲಿಸುವ ಹಾಗಿಲ್ಲ. ಈಗ ಈ ಮನುಷ್ಯ ಕುರ್ಚಿಯಿಂದ ಎದ್ದು ಕೆಳಗೆ ಬಂದರೆ ನಮ್ಮ ಮನೆಯಲ್ಲಿ ಇನ್ನು ಮಾತೆಂಬುದು ಇಲ್ಲ ಎಂದು ನನಗೆ ಖಚಿತವಾಯಿತು. ಅವರು ಕುರ್ಚಿಯ ಕೈಗಳನ್ನು ಹಿಡಿದು ಏಳಲು ಹೊರಟರು.

ನನ್ನ ನಿಶ್ಚಯ, ಮಗಳ ಅಪ್ಪಣೆ ಎಲ್ಲ ಎಲ್ಲಿ ಹೋದವೋ.

“ಹ್ವಾಯ್!” ಎಂದೆ. ಕೂತಲ್ಲಿಂದಲೇ, ಅಡುಗೆ ಮನೆಯಿಂದ ಅಂಗಳಕ್ಕೆ ಕೂಗುವ ದನಿಯಲ್ಲಿ. “ಸಮುದ್ರ ಹುಟ್ಟಿದ್ದ್ ಸಾಕ್ ಮರ್ರೆ! ಆ ನೀಲಿ ದೋಣಿ ಯಾರದ್? ಅದ್ ಹೇಳಿ ಕಾಂಬೊ!”

ಇಡೀ ಸಭೆ ನನ್ನ ಕಡೆ ತಿರುಗಿತು. ಅವರೂ ನೋಡಿದರು. ಅರ್ಧ ಎದ್ದವರು ಹಾಗೇ ಕೂತರು.

“ಅದಾ? ಅದ್ ಅಣ್ಣ ತಮ್ಮಂದಿರ್ ದೋಣಿ. ಇಬ್ರಿಗೂ ಒಂದೊಂದ್ ಹೆಣ್ ಮಗು. ತನ್ ಮಗ್ಳ್ ಹೆಸ್ರೇ ಆಯ್ಕ್ ಅಂತ ಅಣ್ಣ, ತನ್ ಮಗ್ಳದ್ದೇ ಆಯ್ಕ್ ಅಂತ ತಮ್ಮ. ನಾ ಕಂಡೆ, ಎಡ್ಗಡೆ ಒಬ್ಳ್ ಹೆಸ್ರ್ ಬರ್ದೆ, ಬಲ್ಗಡೆ ಇನ್ನೊಬ್ಳದ್ದ್. ದಡದಲ್ಲ್ ನಿಂತ್ ಕಂಡ್ರೆ ಹೋಪತಿಗೆ ಅಣ್ಣನ್ ದೋಣಿ, ಬಪ್ಪತಿಗೆ ತಮ್ಮನ್ ದೋಣಿ. ಆ ಅಣ್ಣ ಅಂದ್ರೆ ಯಾರ್ ಅಂದ್ಕಂಡ್ರಿ, ಅವನ್ ಅಜ್ಜ ಒಂದ್ ಕಾಲದಲ್ಲ್...”

“ಅಜ್ಜ ಬ್ಯಾಡ! ಈ ಅಕ್ಷರ ಎಂತಕ್ ವಾಲ್ಕಂಡಿತ್?” ಪರದೆಯ ಮೇಲೆ ಆಗಷ್ಟೇ ಹೊಸ ಚಿತ್ರ ಬಂದಿತ್ತು.

“ವಾಲ್ಲಿಲ್ಲ ಮರಾಯ್ತಿ. ದೋಣಿ ಮೂತಿ ಬಳ್ಕಂಡ್ ಇರತ್ತ್ ಅಲ್ದಾ? ಅಲ್ಲ್ ನೆಟ್ಟಗ್ ಬರದ್ರೆ ನೀರಲ್ಲ್ ಸೊಟ್ಟ ಕಾಂತ್. ದಡದಲ್ಲ್ ಸೊಟ್ಟ ಬರದ್ರೆ ನೀರಲ್ಲ್ ನೆಟ್ಟಗೆ. ಇದನ್ ನಂಗ್ ಕಲ್ಸದ್ದ್ ಯಾರ್ ಗೊತ್ತಾ...”

“ಗೊತ್ತಿತ್, ಗೊತ್ತಿತ್. ಈ ದೋಣಿಗ್ ಎಂತಕ್ ಹೆಸ್ರಿಲ್ಲ?”

“ಅದ್ರ ಯಜಮಾನಂಗೂ ಅವನ್ ಹೆಂಡ್ತಿಗೂ ಹೆಸ್ರಿನ್ ವಿಷ್ಯದಲ್ಲ್ ಇನ್ನೂ ಒಪ್ಪಂದ ಆಯ್ಲಿಲ್ಲ. ಮಳೆಗಾಲ ಮುಗ್ದ್ ಕೂಡ್ಲೆ ಬರೀ ನಂಬರ್ ಹಾಕ್ಕಂಡ್ ಕಡ್ಲಿಗ್ ಹೋಯ್ತ್. ಗಂಡ ಹೇಳ್ದ್ ಹೆಂಡ್ತಿ ಕೇಂಬುದಿಲ್ಲ, ಹೆಂಡ್ತಿ ಹೇಳ್ದ್ ಗಂಡ ಕೇಂಬುದಿಲ್ಲ.”

“ನೀವ್ ಕೇಂತ್ರಾ?”

ಈಗ ಸಭೆ ಬಿದ್ದು ಬಿದ್ದು ನಕ್ಕಿತು. ಅವರೂ ನಕ್ಕರು. ಶಾಲು ಹೆಗಲಿಂದ ಜಾರಿ ಕುರ್ಚಿಯ ಕೆಳಗೆ ಬಿದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಆಮೇಲೆ ನಡೆದದ್ದೆಲ್ಲ ನಮ್ಮ ಮನೆಯ ಮಾತು. ಅವರು ಹೇಳುವುದು, ಬೇರೆ ದಾರಿ ಹಿಡಿಯುವಷ್ಟರಲ್ಲಿ ನಾನು ಕತ್ತರಿ ಹಾಕುವುದು, ಅವರು ‘ಇದೊಂದು ಕೇಳು’ ಎಂದು ಗೋಗರೆಯುವುದು, ನಾನು ಕೇಳದಿರುವುದು. ಮುಂಬಯಿಯ ಹೋಟೆಲಿನಿಂದ ವಾಪಸು ಬಂದವನೊಬ್ಬ ತನ್ನ ದೋಣಿಗೆ ಹೋಟೆಲಿನ ಹೆಸರನ್ನೇ ಇಟ್ಟ ಕತೆ ಬಂತು. ಒಂದೇ ಹಲಗೆಯ ಮೇಲೆ ಒಂದರ ಮೇಲೊಂದು ನಾಲ್ಕು ಹೆಸರು ಬರೆದು, ಅಷ್ಟೂ ಬಣ್ಣ ಪದರ ಪದರವಾಗಿ ಎದ್ದುಬಂದ ಕತೆಯೂ ಬಂತು.

ಸ್ವಲ್ಪ ಹೊತ್ತಿನ ಮೇಲೆ ನನಗೊಂದು ಸಂಗತಿ ಗಮನಕ್ಕೆ ಬಂತು. ನಾನು ಬಾಯಿ ಹಾಕುವುದಕ್ಕೂ ಚಿತ್ರ ಬದಲಾಗುವುದಕ್ಕೂ ಸರಿಹೊಂದುತ್ತಿತ್ತು. ನಾನು ಪರದೆ ನೋಡಿ ಬಾಯಿ ಹಾಕುತ್ತಿರಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದೆ. ಮಾತು ಎಲ್ಲಿ ಅಡ್ಡದಾರಿ ಹಿಡಿಯುತ್ತದೆ ಎಂಬುದು ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಅಭ್ಯಾಸವಾಗಿಹೋಗಿದೆ. ಈ ಮಕ್ಕಳು ಎಲ್ಲಿಂದಲೋ ಕಲಿತು ತಂದ ಇಪ್ಪತ್ತು ಸೆಕೆಂಡಿನ ಲೆಕ್ಕ ನಮ್ಮ ಅಡುಗೆ ಮನೆಯಲ್ಲಿ ಆಗಲೇ ನಡೆಯುತ್ತಿತ್ತು. ಮಗಳು ಮೊದಲು ನನಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದವಳು ಆಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತು ನಗುತ್ತಿದ್ದಳು.

ಕೊನೆಯ ಚಿತ್ರ ಬಂತು. ಅದನ್ನು ಅವಳು ನಮಗಿಬ್ಬರಿಗೂ ಹೇಳದೆ ಸೇರಿಸಿದ್ದಳು. ದಡದ ಮೇಲೆ ಅರ್ಧ ಬರೆದ ಹೆಸರು, ಕೈಯಲ್ಲಿ ಬ್ರಶ್ಶು ಹಿಡಿದು ನನ್ನ ಕಡೆ ತಿರುಗಿ ಏನೋ ಹೇಳುತ್ತಿರುವ ಅವರು, ಊಟದ ಡಬ್ಬಿ ಹಿಡಿದು ಅವರಿಗೆ ಏನೋ ಹೇಳುತ್ತಿರುವ ನಾನು. ಇಬ್ಬರ ಬಾಯಿಯೂ ತೆರೆದೇ ಇತ್ತು. ಎರಡು ವರ್ಷದ ಹಿಂದಿನ ಫೋಟೋ ಇರಬೇಕು. ಜನ ನಗುತ್ತಲೇ ಚಪ್ಪಾಳೆ ಹೊಡೆದರು. ಅವರು ಅದನ್ನೇ ನೋಡುತ್ತ ಕೂತರು. ಆಮೇಲೆ ನನ್ನ ಕಡೆ ನೋಡಿದರು. ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದರು. ನಾನು ಫೋಟೋವನ್ನೇ ನೋಡುತ್ತಿದ್ದೆ. ಪರದೆ ಕಪ್ಪಾಯಿತು, ಚಪ್ಪಾಳೆಯ ನಡುವೆ ಅವರು ಎದ್ದು ಬಂದರು.

ಗೋಳಿಬಜೆ ತಿನ್ನುವಾಗ ಎಲ್ಲರೂ ಅವರನ್ನು ಸುತ್ತುವರಿದರು. ಗೆರಟೆಯ ಮಾಸ್ತರರು ನನ್ನ ಹತ್ತಿರ ಬಂದು, “ಅಕ್ಕ, ಮುಂದಿನ್ ಸಲ ನಂಗೂ ಒಂಚೂರು ಬಾಯ್ ಹಾಕಿ, ಆತ್ತಾ?” ಎಂದರು. “ನಿಮ್ಗ್ ನಿಮ್ಮನೆಯೋರ್ ಇಲ್ಯಾ?” ಎಂದೆ ನಾನು. ಸಂಜೆ ಬೆಳಕು ಇನ್ನೂ ಪೂರ್ತಿ ಹೋಗುವ ಮೊದಲೇ ಹೊರಟೆವು.

ಸ್ಕೂಟರು ಪೇಟೆ ದಾಟುವ ಮೊದಲೇ ಅವರ ಮಾತು ಶುರುವಾಯಿತು. ಗೆರಟೆಯ ಹಕ್ಕಿ, ಕೆರಾಡಿಯ ಹುಡುಗಿ, ಹುಳುವಿನ ಕಾಲು, ಆ ಕಾಲಿನ ಬಣ್ಣ ದೋಣಿಗೆ ಬಳಿಯುವ ಎನಾಮೆಲ್ಲಿನಲ್ಲಿ ಬರುವುದಿಲ್ಲ ಎಂಬ ವಿಷಯ. ಗಾಳಿಯಲ್ಲಿ ಅರ್ಧ ಮಾತು ಹಾರಿಹೋಗುತ್ತಿತ್ತು. ನಾನು ಅವರ ಬೆನ್ನಿಗೆ ಕಿವಿ ಕೊಟ್ಟು ಕೇಳುತ್ತ ಕೂತೆ. ದೇವರು ನನ್ನ ಮೊರೆ ಕೇಳಿದನಲ್ಲ, ಇವರು ಎಷ್ಟು ಬೇಕಾದರೂ ಹೇಳಲಿ, ನಡುವೆ ಒಂದು ಶಬ್ದ ಬೇಡ ಎಂದುಕೊಂಡೆ. ಸೇತುವೆಯ ಹತ್ತಿರ ಮಾತು ನಿಧಾನವಾಯಿತು. ಆಮೇಲೆ ನಿಂತೇಹೋಯಿತು. ಸ್ಕೂಟರನ್ನೂ ಬದಿಗೆ ನಿಲ್ಲಿಸಿ ಹಿಂತಿರುಗಿ ನೋಡಿದರು.

“ಎಂತ, ಹುಷಾರಿಲ್ಯಾ?”

“ಹುಷಾರಿದ್ದೆ. ಹೇಳಿ, ಕೇಂತಾ ಇದ್ದೆ.”

“ಹಂಗ್ ಸುಮ್ನೆ ಕೂಕಂಡ್ರೆ ನಾ ಹೇಳುದ್ ಹ್ಯಾಂಗ್?” ಎಂದರು. ಮುಖ ನೀರಿನ ಕಡೆ ತಿರುಗಿಸಿ ಹೇಳಿದರು, “ಭಾಗವತ್ರ್ ಕಡದದ್ದ್ ನಂಗ್ ಅಷ್ಟ್ ಬೇಜಾರಿಲ್ಲ. ಅವ್ರ್ ಕೆಲ್ಸವೇ ಅದ್. ಮನೆಗ್ ಬಂದ್ ಮೇಲೆ ನೀನೂ ಬದ್ಲಾಯ್ದೆ. ಎಂತ ಹೇಳ್ರೂ ಹೂಂ, ಹೂಂ. ಒಂದ್ ಮಾತ್ ಕಡುದಿಲ್ಲ, ಒಂದ್ ಬೈಯ್ದಿಲ್ಲ. ನಾ ಅಂದ್ಕಂಡೆ, ಊರಿಗ್ ಬ್ಯಾಡ ಆದ್ ನನ್ ಮಾತ್ ನಿಂಗೂ ಬ್ಯಾಡ ಆಯ್ತ್ ಅಂದೇಳಿ.”

ಇಷ್ಟು ತಿಂಗಳು ನಾನು ಪಾಪ ಎಂದು ತುಟಿ ಹೊಲಿದುಕೊಂಡು ಕೂತದ್ದು ಅವರಿಗೆ ಕಂಡದ್ದು ಹೀಗೆ.

“ಅಲ್ಲ, ನಾ ಹೇಳುದ್ ಎಂತ ಅಂದ್ರೆ” ಎಂದು ಅವರೇ ಮುಂದುವರಿಸಿದರು, “ಮದಿ ಆದ್ ಹೊಸ್ತ್ರಲ್ಲ್ ಒಂದ್ ದಿನ ನಾ ಈರುಳ್ಳಿಗ್ ಅಂದೇಳಿ ಪೇಟೆಗ್ ಹೋದವ...”

“ಸಾಕ್ ಮಾಡಿ ಮರ್ರೆ, ಕತ್ಲಿ ಆಯ್ತ್, ಗಾಡಿ ಬಿಡಿ” ಎಂದು ಅಳುತ್ತಲೇ ಅವರ ಮಾತು ಕಡಿದೆ.